ಬಲಗಡೆಯ ವಸಡು

ನರ್ಸ್ ಪೆತ್ರಾನಾ ನನ್ನ ಹೆಸರು ಕರೆದಾಗ ಅಂಗೈ ಬೆವೆತಿತ್ತು. ನೋವಿನ ಭಯವಲ್ಲ. ತಂಬಾಕಿನ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ಎಲೆ ವಿಂಗಡಿಸಿದವಳು ನಾನು, ಸೂಜಿಗೆ ಹೆದರುವವಳಲ್ಲ. ಆರು ತಿಂಗಳಿಂದ ಗುಟ್ಟಾಗಿ ಮಾಡುತ್ತ ಬಂದದ್ದು ಇವತ್ತು ಬಾಯಿ ತೆರೆದ ಕೂಡಲೇ ಗೊತ್ತಾಗಿಬಿಟ್ಟರೆ ಎಂಬ ದಿಗಿಲು.

ಡಾಕ್ಟರ್ ರಲಿತ್ಸಾ ಪ್ಲೊವ್ದಿವ್ ಊರಿನ ದಂತ ಕಾಲೇಜಿನಲ್ಲಿ ವಸಡು ರೋಗಕ್ಕೆ ಹೊಸ ಮುಲಾಮೊಂದನ್ನು ಪರೀಕ್ಷಿಸುತ್ತಿದ್ದಳು. ಮೂವತ್ತು ಜನ. ಪ್ರತಿಯೊಬ್ಬರ ಹಲ್ಲು ಶುಚಿಮಾಡಿ, ಬಾಯಿಯ ಒಂದು ಬದಿಗೆ ನಿಜವಾದ ಮುಲಾಮು, ಇನ್ನೊಂದಕ್ಕೆ ಹುಸಿ ಮುಲಾಮು. ಯಾವುದು ಎಲ್ಲಿ ಎಂದು ನಮಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅದನ್ನು ಬರೆದಿಟ್ಟ ಚೀಟಿ ಅವಳ ಪ್ರಾಧ್ಯಾಪಕರ ಬೀರುವಿನಲ್ಲಿ ಭದ್ರವಾಗಿತ್ತು. ಎರಡೂ ಬದಿಯನ್ನು ಒಂದೇ ರೀತಿ ಉಜ್ಜಬೇಕೆಂದು ಒಪ್ಪಿಗೆ ಕಾಗದದಲ್ಲಿ ಬರೆದಿತ್ತು. ನಾನು ಅದನ್ನು ಅಕ್ಷರ ಅಕ್ಷರ ಓದಿಯೇ ಸಹಿ ಹಾಕಿದ್ದೆ.

ಆದರೆ ಶಿಲುಬೆ ಗುರುತು ಹಾಕಿಕೊಳ್ಳುವಾಗ ನಾವು ಬಲ ಭುಜವನ್ನೇ ಮೊದಲು ಮುಟ್ಟುತ್ತೇವಲ್ಲ! ಒಳ್ಳೆಯ ಔಷಧಿಯನ್ನು ಯಾರಾದರೂ ಎಡಕ್ಕೆ ಹಚ್ಚುತ್ತಾರೆಯೇ? ಆ ಡಾಕ್ಟರ್ ಹುಡುಗಿ ಗೆಲ್ಲಲಿ ಎಂದು ಬಲಬದಿಯನ್ನು ದಿನಕ್ಕೆ ಮೂರು ಸಲ ಉಜ್ಜಿದೆ, ಸಂದಿಸಂದಿಗೂ ದಾರ ಎಳೆದೆ, ಗಿಡಮೂಲಿಕೆಯ ಕಷಾಯವನ್ನು ಬಲಗೆನ್ನೆಯಲ್ಲೇ ತುಂಬಿಕೊಂಡು ಕೂತೆ. ಎಡಬದಿಗೆ ಬೆಳಿಗ್ಗೆ ಒಂದೇ ಸಲ, ಅದೂ ಮೇಲೆ ಮೇಲೆ.

“ಏನ್ ಗಾನ್ಕಾ ಅಜ್ಜಿ, ಇವತ್ತೂ ಬೆಳ್ಳುಳ್ಳಿ ತಿಂದ್ಕೊಂಡೇ ಬಂದ್ರಾ?” ಎಂದಳು ಪೆತ್ರಾನಾ. ಅಂಕಿ ಬರೆದುಕೊಳ್ಳುವುದು ಅವಳ ಕೆಲಸ.

“ನಿನ್ ಮೂಗು ದೂರ ಇಟ್ಕೊಳ್ಳೇ. ಮುತ್ತು ಕೊಡು ಅಂದೆನಾ ನಿಂಗೆ?”

ರಲಿತ್ಸಾಳ ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. “ನೀವೇ ಕೊನೆಯವ್ರು ಅಜ್ಜಿ. ನಿಮ್ದಾದ್ರೆ ಮೂವತ್ತು. ಒಂದು ಕಮ್ಮಿಯಾದ್ರೂ ಕಾಲೇಜಿನ ಸಮಿತಿಯವ್ರು ಒಪ್ಪಲ್ಲ, ಇನ್ಯಾರನ್ನೋ ಹುಡುಕಿ ಮತ್ತೆ ಆರು ತಿಂಗ್ಳು.”

ಮಿಲಿಮೀಟರ್ ಗೆರೆ ಕೊರೆದ ಸಣ್ಣ ಕಡ್ಡಿ ಹಲ್ಲಿಗೂ ವಸಡಿಗೂ ನಡುವೆ ಇಳಿಯಿತು. ಗುಳಿ ಎಷ್ಟು ಆಳವೋ ರೋಗ ಅಷ್ಟು ಜೋರು.

“ಬಲ ಕೆಳಗೆ. ಮೂರು, ಎರಡು, ಮೂರು.”

“ಅಯ್ಯೋ, ಹೋದ್ಸಲ ಆರಿತ್ತು ಡಾಕ್ಟ್ರೇ!” ಎಂದಳು ಪೆತ್ರಾನಾ.

“ಹಳೇ ಅಂಕಿ ಹೇಳ್ಬೇಡ ಅಂದಿಲ್ವಾ ನಿಂಗೆ? ಎಡ ಕೆಳಗೆ. ಆರು, ಏಳು, ಏಳು. ರಕ್ತ.”

ಅವಳ ಕೈ ನಿಂತಿತು. ಹಲ್ಲನ್ನು ಮೆಲ್ಲಗೆ ಒತ್ತಿದಳು, ಅಲುಗಿತು. “ಬಲಕ್ಕೂ ಎಡಕ್ಕೂ ಇಷ್ಟು ವ್ಯತ್ಯಾಸ ಯಾರ ಬಾಯಲ್ಲೂ ಬಂದಿಲ್ಲ,” ಎಂದಳು. ಅದುಮಿಟ್ಟ ಖುಷಿ ದನಿಯಲ್ಲಿ ಕೇಳಿಸಿತು.

ನಾನು ಸುಮ್ಮನಿದ್ದರೆ ಹುಡುಗಿಯ ಆರು ತಿಂಗಳು ಉಳಿಯುತ್ತದೆ. ಆದರೆ ಈ ಅಂಕಿಯನ್ನು ನಂಬಿ ನಾಳೆ ಯಾರ್ಯಾರೋ ತಮ್ಮ ಹಲ್ಲನ್ನು ಆ ಮುಲಾಮಿಗೆ ಒಪ್ಪಿಸುತ್ತಾರೆ. ನಿಜವಾದ ಮುಲಾಮು ಎಡಕ್ಕೇ ಬಿದ್ದಿದ್ದರೋ? ಒಳ್ಳೆಯ ಔಷಧಿಗೆ ನಾನೇ ಕೆಟ್ಟ ಹೆಸರು ತಂದಂತೆ.

ಅವಳ ಮುಂಗೈ ಹಿಡಿದೆ.

“ಬರೆಸ್ಬೇಡ. ಇದು ಮುಲಾಮಲ್ಲ ಮಗಳೇ, ನನ್ ಬ್ರಷ್ಷು.”

ಎಲ್ಲ ಹೇಳಿದೆ. ಪೆತ್ರಾನಾಳ ಪೆನ್ನು ನಿಂತುಹೋಯಿತು.

“ಬಲಗಡೆ ಅಂತ ಯಾರು ಹೇಳಿದ್ರು ನಿಮ್ಗೆ?”

“ಯಾರೂ ಇಲ್ಲ. ಒಳ್ಳೇದನ್ನ ಎಡಕ್ಕೆ ಯಾಕೆ ಹಚ್ತೀಯ ಅಂತ...”

ಪೆತ್ರಾನಾಗೆ ನಗು ಬಂತು, ಡಾಕ್ಟರ ಮುಖ ನೋಡಿ ನುಂಗಿಕೊಂಡಳು. ರಲಿತ್ಸಾ ಮುಖದ ಬಟ್ಟೆ ಕೆಳಗೆಳೆದಳು. ಆಮೇಲೆ ನನ್ನ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಕಾರಣ ಬರೆದಳು.

“ಇಪ್ಪತ್ತೊಂಬತ್ತು,” ಎಂದಳು.

“ಬಯ್ಯಿ ಮಗಳೇ. ಬಾಯ್ತುಂಬ ಬಯ್ಯಿ.”

“ಬೈದ್ರೆ ಹೋದ ಆರು ತಿಂಗ್ಳು ವಾಪಸ್ ಬರುತ್ತಾ? ಬಾಯಿ ತೆಗೀರಿ. ಎಡಗಡೆ ಹಲ್ಲು ಉಳಿಯುತ್ತಾ ನೋಡೋಣ.”

“ಮುಲಾಮು ಹಚ್ತೀಯಾ?”

“ಮುಲಾಮಿನ ಮಾತೇ ಎತ್ಬೇಡಿ.”

ಕಡ್ಡಿ ಮತ್ತೆ ಇಳಿಯಿತು. “ಏಳು,” ಎಂದಳು ರಲಿತ್ಸಾ. ಈ ಸಲ ಪೆತ್ರಾನಾ ಬರೆದುಕೊಳ್ಳಲಿಲ್ಲ.