ಅರ್ಧ ಗಡ್ಡದಲ್ಲಿ ದಾಟಿದ ಸೇತುವೆ

ಮಧ್ಯಾಹ್ನ ಒಲೆಯಿಂದ ಬ್ರೆಡ್ಡು ಇಳಿಯುವ ಹೊತ್ತು ಕ್ಷೌರಿಕನಿಗೆ ಗಡಿಯಾರ ನೋಡದೆಯೇ ತಿಳಿಯುತ್ತಿತ್ತು. ಕಾಲುವೆಯಾಚೆ, ಕೆಳಗಿನ ಬೀದಿಯ ಬೇಕರಿಯ ಘಮ ಗಾಳಿಯಲ್ಲಿ ತೇಲಿ ಬಂದು ಮೇಲಿನ ಬೀದಿಯ ಅವನ ಕಟಿಂಗ್ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿತ್ತು. ಮೊದಲಾದರೆ ಆ ಘಮದ ಹಿಂದೆಯೇ ಬೇಕರಿಯವನೂ ಬರುತ್ತಿದ್ದ. ಕಾಗದದಲ್ಲಿ ಸುತ್ತಿದ ಬಿಸಿ ಬನ್ನು ತಂದು, ಬೆಂಚಿನ ಮೇಲೆ ಕುಳಿತು, "ಏನೋ, ಇವತ್ತು ಎಷ್ಟು ತಲೆ ಬೋಳಿಸ್ದೆ?" ಎನ್ನುತ್ತಿದ್ದ. "ನೀನು ಕರಕಲು ಮಾಡಿದ್ದಕ್ಕಿಂತ ಕಮ್ಮಿನೇ" ಎಂದು ಇವನು ನಗುತ್ತಿದ್ದ. ಚಡ್ಡಿ ಹಾಕುವ ಕಾಲದ ಗೆಳೆತನ ಅದು.

ಈಗ ಘಮ ಮಾತ್ರ ಬರುತ್ತದೆ.

ಬೇಸಿಗೆಯಲ್ಲಿ ಎರಡೂ ಬೀದಿಯ ಹುಡುಗರು ಚೆಂಡಾಟದಲ್ಲಿ ಜಗಳವಾಡಿದ್ದರು. ಮೈದಾನದಲ್ಲೇ ಮುಗಿಯಬೇಕಿದ್ದ ಜಗಳಕ್ಕೆ ದೊಡ್ಡವರು ಕೈ ಹಾಕಿದರು. ಕಲ್ಲುಗಳು ಹಾರಿದವು. ಮೇಲಿನ ಬೀದಿಯಿಂದ ಬಂದ ಒಂದು ಕಲ್ಲಿಗೆ ಬೇಕರಿಯವನ ಮಗನ ಹುಬ್ಬು ಒಡೆಯಿತು. ಅಂದಿನಿಂದ, ಎರಡೂ ಕಡೆ ಹಾಲು ಹಾಕುವ ಅಜ್ಜನೊಬ್ಬನನ್ನು ಬಿಟ್ಟರೆ, ಕಾಲುವೆಯ ಸೇತುವೆಯನ್ನು ಯಾರೂ ದಾಟುತ್ತಿರಲಿಲ್ಲ. ಹುಡುಗನನ್ನು ನೋಡಿ ಬರೋಣವೆಂದು ಕ್ಷೌರಿಕ ಅಂದೇ ಚಪ್ಪಲಿ ಮೆಟ್ಟಿದ್ದ. ನಮ್ಮ ಬೀದಿಯವರು ಏನೆಂದುಕೊಂಡಾರೋ ಎಂದು ಮತ್ತೆ ಕಳಚಿಟ್ಟ. ದಿನ ಕಳೆದಷ್ಟೂ ಹೆಜ್ಜೆ ಭಾರವಾಯಿತು.

ಅವನ ಹೆಂಡತಿ ಮೇಲಿನ ಬೀದಿಯ ಮಹಿಳಾ ಸಂಘದವಳು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಹೇಳಿದಳು:

"ರೀ, ನಮ್ಮ ಸಂಘ, ಕೆಳಗಿನ ಬೀದಿ ಮಹಿಳಾ ಸಂಘ, ಹಮಾಲರ ಸಂಘ, ಹುಡುಗರ ಆಟದ ಸಂಘ, ಎಲ್ಲಾ ಸೇರಿ ಒಂದು ಶಾಂತಿ ಕೂಟ ಮಾಡ್ತಿದೀವಿ. ನೀವೂ ಬರಬೇಕು."

"ಶಾಂತಿ ಕೂಟಾನಾ? ಭಾಷಣ ಮಾಡ್ತೀರಿ, ಟೀ ಕುಡೀತೀರಿ, ಎದ್ದು ಬರ್ತೀರಿ."

"ಮೊದಲನೇ ಸಲ ಹಾಗೇ ಆಯ್ತು, ಸುಳ್ಳು ಯಾಕೆ ಹೇಳ್ಲಿ? ನಮ್ಮ ಬೀದೀಲಿ ನಾವೇ ಕೂತು, ನಾವೇ ಒಳ್ಳೆಯವರು ಅಂತ ತೀರ್ಮಾನ ಮಾಡ್ಕೊಂಡು ಬಂದ್ವಿ. ಆಮೇಲೆ ಆಸ್ಪತ್ರೆ ಸಾಲಲ್ಲಿ ಆ ಬೀದಿ ಹೆಂಗಸರು ಸಿಕ್ಕಿದ್ರು. ಅವರೂ ಅದನ್ನೇ ಮಾಡಿದಾರೆ! ಇಬ್ಬರಿಗೂ ನಗು ಬಂತು. ಬರೋ ವಾರದಿಂದ ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ ಸೇರೋದು. ಯಾವ ಸುದ್ದಿ ಬಂದ್ರೂ ಕೇಳಿದ ಕೂಡ್ಲೆ ದಾಟಿಸೋ ಹಾಗಿಲ್ಲ. ಇಬ್ಬರು ಹೋಗಿ, ಕಣ್ಣಾರೆ ನೋಡಿ, ಆ ಕಡೆಯವರನ್ನೇ ಕೇಳ್ಕೊಂಡು ಬರಬೇಕು."

"ಅದರಲ್ಲಿ ನನಗೇನು ಕೆಲಸ?"

"ಊರ ಸುದ್ದಿಯೆಲ್ಲಾ ಹುಟ್ಟೋದೇ ನಿಮ್ಮ ಕುರ್ಚಿ ಮೇಲೆ. ಯಾರು ಏನಂದ್ರೂ ನೀವು 'ಹೂಂ' ಅಂತೀರಿ."

"ಗಿರಾಕಿ ಬಾಯಿಗೆ ಬೀಗ ಹಾಕೋಕಾಗತ್ತೇನೇ? ನನ್ನ ಕೆಲಸ ಕೂದಲು ತೆಗೆಯೋದು."

"ನಿಮ್ಮ 'ಹೂಂ' ನಾಲ್ಕು ಮನೆ ದಾಟೋ ಹೊತ್ತಿಗೆ 'ಕಟಿಂಗ್ ಅಂಗಡಿ ಅಣ್ಣನೇ ಹೇಳಿದ' ಅಂತ ಆಗಿರತ್ತೆ. ಗೊತ್ತಾ?"

ಅವನು ತಟ್ಟೆ ಸರಿಸಿದ. ಕಿಟಕಿಯಾಚೆ ಏಳುತ್ತಿದ್ದ ಬೇಕರಿಯ ಹೊಗೆಯನ್ನೇ ನೋಡುತ್ತಿದ್ದ. ಅವಳು ಅದನ್ನು ಕಂಡಳು. ಅರ್ಧ ಮುಚ್ಚಿದ್ದ ಕಿಟಕಿಯನ್ನು ಪೂರ್ತಿ ತೆರೆದು ಒಳಗೆ ಹೋದಳು.

ಅದಾದ ಕೆಲವೇ ದಿನಕ್ಕೆ ಹಮಾಲ ಗುಡುಗಣ್ಣ ಗಡ್ಡ ತೆಗೆಸಲು ಬಂದ. ಅವನು ಪಿಸುಗುಟ್ಟಿದರೂ ಬೀದಿಯ ಕೊನೆಗೆ ಕೇಳುವುದರಿಂದ ಆ ಹೆಸರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು.

"ಬೇಗ ಮುಗಿಸೋ. ನಮ್ಮ ಹಾಲಿನಜ್ಜನ್ನ ಕೆಳಗಿನ ಬೀದಿಯವರು ಹೊಡೆದು, ಸೈಕಲ್ಲು ಕಾಲುವೆಗೆ ಎಸೆದು, ಬೇಕರೀಲಿ ಕೂಡಿಹಾಕಿದಾರಂತೆ. ಹುಡುಗರು ಗೋದಾಮಿನ ಹತ್ತಿರ ದೊಣ್ಣೆ ಹಿಡ್ಕೊಂಡು ಸೇರ್ತಿದಾರೆ. ನಾನೂ ಹೋಗಬೇಕು."

ಕ್ಷೌರಿಕನ ಗಂಟಲಿಗೆ ಎಂದಿನ 'ಹೂಂ' ಬಂತು. ಬೇಕರಿ ಎಂಬ ಮಾತು ಕೇಳಿ ಅದು ಅಲ್ಲೇ ನಿಂತಿತು. ಹುಡುಗರು ನುಗ್ಗಿದರೆ ಮೊದಲು ಒಡೆಯುವುದು ಗೆಳೆಯನ ಬಾಗಿಲು. ಅವನು ಕತ್ತಿಯನ್ನು ಕೆನ್ನೆಯಿಂದ ಎತ್ತಿದ.

"ನೀನು ನೋಡಿದ್ಯಾ?"

"ನೋಡೋದೇನು, ಎಲ್ಲರೂ ಹೇಳ್ತಿದಾರೆ."

"ಎಲ್ಲರೂ ಅಂದ್ರೆ?"

"ಸೋಡಾ ಅಂಗಡಿಯವನು."

"ಅವನು ನೋಡಿದ್ನಾ?"

"ಅವನಿಗೆ ಯಾರೋ ಹೇಳಿದ್ರಂತಪ್ಪಾ! ಕೋರ್ಟಿನಲ್ಲಿ ಕೇಳ್ದಂಗೆ ಕೇಳ್ತೀಯಲ್ಲ!"

ಕ್ಷೌರಿಕ ಕತ್ತಿಯನ್ನು ಒರೆಸಿ, ಮಡಚಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. "ಏಳು. ಇಬ್ಬರೂ ಹೋಗಿ ನೋಡ್ಕೊಂಡು ಬರೋಣ. ಉಳಿದರ್ಧ ಆಮೇಲೆ."

"ಹೀಗೇನಾ? ಮಾನ ಮರ್ಯಾದೆ ಬೇಡ್ವಾ?"

"ದೊಣ್ಣೆ ಹಿಡ್ಕೊಂಡು ಹೋಗೋಕೆ ಇಲ್ಲದ ನಾಚಿಕೆ ಸೋಪು ಹಚ್ಕೊಂಡು ಹೋಗೋಕೆ ಯಾಕೆ? ನಡಿ."

ಗೋದಾಮಿನ ಮುಂದೆ ಕ್ಷೌರಿಕನ ಹೆಂಡತಿ ಮತ್ತು ಸಂಘದ ಹೆಂಗಸರು ದಾರಿಗೆ ಅಡ್ಡಲಾಗಿ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಯಾರನ್ನೂ ಬೈಯುತ್ತಿರಲಿಲ್ಲ, ಸುಮ್ಮನೆ ಕುಳಿತಿದ್ದರು. ಆಟದ ಸಂಘದ ನಾಯಕ ಹುಡುಗರ ಹೆಗಲು ಹಿಡಿದು ಸಮಾಧಾನ ಹೇಳುತ್ತಿದ್ದ. "ನಾವು ನೋಡ್ಕೊಂಡು ಬರ್ತೀವಿ. ಅಲ್ಲಿತನಕ ಯಾರೂ ಅಲುಗಾಡಬೇಡಿ" ಎಂದ ಕ್ಷೌರಿಕ. ಹೆಂಡತಿ ತಲೆ ಎತ್ತಿ ಗಂಡನನ್ನು ನೋಡಿದಳು. ದಾಟಲು ಜಾಗ ಬಿಟ್ಟು ಸರಿದು ಕುಳಿತಳು.

ಇಬ್ಬರೂ ಸೇತುವೆ ಹತ್ತಿದರು. ಆ ತುದಿಯಲ್ಲಿ ಕೆಳಗಿನ ಬೀದಿಯ ಯುವಕರು ಗುಂಪು ಕಟ್ಟಿ ನಿಂತಿದ್ದರು. ಅವರ ಮುಂದೆ, ಆ ಬೀದಿಯ ಸಂಘದ ಇಬ್ಬರು ಹೆಂಗಸರು. ಎಲ್ಲರ ಕಣ್ಣೂ ಗುಡುಗಣ್ಣನ ಮುಖದ ಮೇಲೆ ಬಿತ್ತು. ಒಬ್ಬ ಕಿಸಕ್ಕೆಂದ.

"ಏನಣ್ಣಾ, ನಿಮ್ಮ ಬೀದೀಲಿ ಅರ್ಧ ದುಡ್ಡಿಗೆ ಅರ್ಧ ಗಡ್ಡಾನಾ?"

"ನಗಪ್ಪಾ, ನಗು. ನಿಮ್ಮ ಬೀದಿ ಸುದ್ದಿ ಕೇಳಿ ಇವನ ಕತ್ತಿ ನಿಂತೋಯ್ತು" ಎಂದ ಗುಡುಗಣ್ಣ. ಗುಂಪು ಗೊಳ್ಳೆಂದು ನಕ್ಕಿತು. ನಗುವವರ ಕೈಗೆ ಕಲ್ಲು ಎತ್ತಲು ಬರುವುದಿಲ್ಲ. ಹೆಂಗಸರಿಬ್ಬರೂ ಅವರ ಜೊತೆಗೆ ಬೇಕರಿಯವರೆಗೂ ನಡೆದರು.

ಹಾಲಿನಜ್ಜ ಹಿಟ್ಟಿನ ಮೂಟೆಗೆ ಒರಗಿ ಕುಳಿತು ಟೀ ಕುಡಿಯುತ್ತಿದ್ದ. ಮೊಣಕಾಲಿಗೆ ಶುಭ್ರ ಬಟ್ಟೆಯ ಪಟ್ಟಿ ಕಟ್ಟಿತ್ತು. "ಬ್ರೇಕು ಹಿಡೀಲಿಲ್ಲ ಕಣಪ್ಪಾ. ಸೈಕಲ್ ಸಮೇತ ಕಾಲುವೆಗೆ ಬಿದ್ದೆ. ಈ ಮಗು ಇಳಿದು ಎತ್ತಿದ."

ಬೇಕರಿಯವನ ಮಗ ಸೊಂಟದವರೆಗೆ ಒದ್ದೆಯಾಗಿ ನಿಂತಿದ್ದ. ಹುಬ್ಬಿನ ಮೇಲೆ ಗಾಯದ ಗುರುತಿತ್ತು. ಕ್ಷೌರಿಕನನ್ನು ಕಂಡು ಮುಖ ತಿರುಗಿಸಿದ.

ಒಳಗಿನಿಂದ ಬೇಕರಿಯವನು ಬಂದ. ಗಡ್ಡ ಪೊದೆಯಾಗಿ ಬೆಳೆದಿತ್ತು, ಅದರ ತುಂಬ ಹಿಟ್ಟು.

"ಬಂದ್ಯಾ?" ಎಂದ.

"ಇದೇನೋ ನಿನ್ನ ಅವತಾರ?"

"ಬೇರೆಯವರ ಕೈಗೆ ಮುಖ ಕೊಡೋಕೆ ಮನಸ್ಸಾಗಲಿಲ್ಲ ಕಣೋ."

ಕ್ಷೌರಿಕ ಗೆಳೆಯನ ಗಡ್ಡದ ಹಿಟ್ಟನ್ನು ಕೈಯಿಂದ ಕೊಡವಿದ. ಹುಡುಗನ ಬಳಿ ಹೋಗಿ, "ಅವತ್ತೇ ಬರಬೇಕಿತ್ತಪ್ಪಾ ನಾನು. ತಪ್ಪಾಯ್ತು" ಎಂದ. ಹುಡುಗ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಒಂದು ಸ್ಟೂಲನ್ನು ಎಳೆದು ತಂದು, ಕ್ಷೌರಿಕನ ಹಿಂದೆ ಇಟ್ಟು ಹೋದ.

ಗುಡುಗಣ್ಣ ಅಜ್ಜನನ್ನು ಹೆಗಲಿಗೆ ಆನಿಸಿಕೊಂಡು ಸೇತುವೆಯ ಮೇಲಿಂದಲೇ ಕೂಗಿದ: "ಬ್ರೇಕು ಕಣ್ರೋ! ಬರೀ ಬ್ರೇಕು!" ಅಂದು ಆ ಗಂಟಲು ಊರಿಗೆ ಉಪಕಾರ ಮಾಡಿತು. ಒಂದೊಂದೇ ದೊಣ್ಣೆ ಗೋಡೆಗೆ ಒರಗಿತು.

ರಾತ್ರಿ ಊಟದ ಹೊತ್ತಿಗೆ ಕ್ಷೌರಿಕ ಹೆಂಡತಿಯನ್ನು ಕೇಳಿದ: "ಮುಂದಿನ ಸಭೆ ಎಲ್ಲೇ?"

"ಕೆಳಗಿನ ಬೀದೀಲಿ. ಬರ್ತೀರಾ?"

"ನಿನಗಿಂತ ಮೊದಲೇ ಹೋಗಿರ್ತೀನಿ."

ಎಲ್ಲವೂ ಮೊದಲಿನಂತಾಗಿದೆ ಎಂದರೆ ಸುಳ್ಳಾದೀತು. ಒಡೆದದ್ದು ಕೂಡಲು ಕಾಲ ಬೇಕು. ಕ್ಷೌರಿಕ ಈಗ ರಜೆಯ ದಿನ ಬೇಕರಿಯ ಮುಂದೆ ಕುಳಿತು ಗೆಳೆಯನ ಗಡ್ಡ ತೆಗೆಯುತ್ತಾನೆ. ಹುಡುಗ ಬಿಸಿನೀರು ತಂದಿಟ್ಟು, ಮಾತಿಲ್ಲದೆ ಒಳಗೆ ಹೋಗುತ್ತಾನೆ. ಒಂದು ದಿನ ಅವನ ಬಾಯಲ್ಲಿ "ಮಾವಾ" ಎಂದು ಕೇಳಬೇಕೆಂಬುದು ಕ್ಷೌರಿಕನ ಆಸೆ. ಅದಕ್ಕಾಗಿ ಅವನು ಒಂದು ವಾರವೂ ತಪ್ಪಿಸುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಸಂಘಗಳಿವೆ. ಅವನ್ನು ಆಚೆ ಬೀದಿಯ ಸಂಘಗಳ ಜೊತೆ ಕೂಡಿಸಿ. ಒಮ್ಮೆ ಅವರಲ್ಲಿ, ಒಮ್ಮೆ ನಿಮ್ಮಲ್ಲಿ ಸೇರಿ. ಸಿಟ್ಟು ಬರಿಸುವ ಸುದ್ದಿ ಕಿವಿಗೆ ಬಿದ್ದರೆ ಬಾಯಿಗೆ ಕೊಡುವ ಮೊದಲು ಕಾಲಿಗೆ ಕೊಡಿ. ಇಬ್ಬರಾಗಿ ಹೋಗಿ, ನೋಡಿ ಬನ್ನಿ. ಪೆಟ್ಟಾದವರು ಯಾವ ಕಡೆಯವರೇ ಇರಲಿ, ಅವರ ಮನೆಯ ಬಾಗಿಲು ತಟ್ಟಿ. ಯಾರದೋ ಮುಖ ನೋಡಿ ಬಹಳ ದಿನವಾಯಿತಲ್ಲಾ ಎಂದು ಈಗ ನಿಮಗೂ ಅನಿಸುತ್ತಿದ್ದರೆ, ನಾಳೆಗೆ ಇಡಬೇಡಿ. ಅವರೂ ನಿಮ್ಮ ದಾರಿ ಕಾಯುತ್ತಿರಬಹುದು.