ನಲವತ್ತೆರಡು ನಿಮಿಷದ ಯುದ್ಧ

'ಬೆಂಕಿಗಡಿ' ಸಿನಿಮಾದ ಐದನೆಯ ಭಾಗದಲ್ಲಿ ಕೊನೆಯ ಯುದ್ಧ ನಲವತ್ತೆರಡು ನಿಮಿಷ ನಡೆಯುತ್ತದೆ. ಮೈರಮ್‌ಕಾನ್ ಅದನ್ನು ಗಡಿಯಾರ ಇಟ್ಟುಕೊಂಡು ಮೂರು ಸಲ ಅಳೆದಿದ್ದಳು. ಮೊದಲ ಸಲ ಅಳೆದದ್ದು ತಪ್ಪಾಗಿರಬಹುದೆಂದು ಎರಡನೆಯ ಸಲ, ಎರಡನೆಯದನ್ನೂ ನಂಬಲಾಗದೆ ಮೂರನೆಯ ಸಲ. ಅವಳ ಸ್ವಭಾವವೇ ಹಾಗೆ. ಬಾಗಿಲಿಗೆ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ಹೋದವಳು ಮತ್ತೆ ವಾಪಸು ಬಂದು ಬೀಗ ಜಗ್ಗಿ ನೋಡುವ ಜಾತಿ.

ಹಗಲು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು, ಸಂಜೆ ತರಗತಿಗಳಲ್ಲಿ ಇಂಗ್ಲಿಷ್ ಕಲಿತವಳು ಅವಳು. ಹನ್ನೊಂದು ವರ್ಷಗಳಿಂದ ಬಿಷ್ಕೆಕ್‌ನ ಒಂದು ನೆಲಮಾಳಿಗೆಯಲ್ಲಿ ಹೊರದೇಶದ ಸಿನಿಮಾಗಳ ಮಾತನ್ನು ಕಿರ್ಗಿಜ್ ಭಾಷೆಗೆ ಬರೆದುಕೊಡುತ್ತಿದ್ದಳು. ಬರೆದದ್ದನ್ನು ಓದುವವರು ಸತಿಬಾಲ್ದಿ ಬಾಯ್ಕೆ. ಅಲ್ಲಿ ಅಣ್ಣನಂಥವರನ್ನು ಬಾಯ್ಕೆ, ಅಕ್ಕನಂಥವರನ್ನು ಎಜೆ ಅನ್ನುತ್ತಾರೆ. ಒಂದು ಕಾಲಕ್ಕೆ ಊರೂರು ತಿರುಗಿದ ನಾಟಕದ ನಟ. ವಯಸ್ಸು ಅರವತ್ತೆಂಟು. ಗೋಡೆಗೆಲ್ಲ ಹಳೆಯ ಉಣ್ಣೆಗಂಬಳಿ ಬಡಿದ ಆ ಕೋಣೆಯಲ್ಲಿ ಕೂತು ನಾಯಕ, ಖಳ, ಹುಡುಗಿ, ಮಗು, ಮಾತಾಡುವ ಯಂತ್ರ, ಎಲ್ಲರಿಗೂ ಅವರೊಬ್ಬರೇ ಗಂಟಲು. ಮೂಲದ ಮಾತು ಹಿಂದೆ ಸಣ್ಣಗೆ ಕೇಳಿಸುತ್ತಿರುತ್ತದೆ, ಅದರ ಮೇಲೆ ಅವರ ದನಿ. ನಡುವೆ ನಿಲ್ಲಿಸುವ ಪದ್ಧತಿ ಇಲ್ಲ. ಶುರುವಾದರೆ ಕೊನೆಯವರೆಗೂ ಒಂದೇ ಉಸಿರು. ಎಲ್ಲಿ ಉಸಿರೆಳೆಯಬೇಕೋ ಅಲ್ಲಿ ಮೈರಮ್‌ಕಾನ್ ಹಾಳೆಯ ಮೇಲೆ ಕೆಂಪು ಗೆರೆ ಎಳೆದಿರುತ್ತಿದ್ದಳು. ಪಕ್ಕದಲ್ಲೇ ಕೂತು, ಮುಂದಿನ ಮಾತು ಬಂತೆಂದು ಅವರ ಮೊಣಕಾಲನ್ನು ಬೆರಳಲ್ಲಿ ತಟ್ಟುತ್ತಿದ್ದಳು.

ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಾಯ್ಕೆಯ ಹೆಂಡತಿ ಜ಼ೂರಾ ಎಜೆಯ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಆಮೇಲೆ ಬಾಯ್ಕೆ ಒಂದು ಹೊಸ ಅಭ್ಯಾಸ ಹಚ್ಚಿಕೊಂಡರು. ತೆರೆಯ ಮೇಲೆ ಯಾರೂ ಮಾತಾಡದಾಗಲೂ ತಾವು ಮಾತಾಡುವುದು. "ಈಗ ಲಾರಿ ಹತ್ತಿದ. ಸೇತುವೆ ಅಲ್ಲಾಡ್ತಿದೆ. ಅಯ್ಯೋ ಪಾಪ, ಆ ಕೆಂಪು ಅಂಗಿಯವನು ಹೋದ." ಮೊದಮೊದಲು ಅವರೇ ಹೊಳೆದಂತೆ ಹೇಳುತ್ತಿದ್ದರು. ಆಮೇಲೆ ಆ ಮಾತುಗಳನ್ನೂ ಬರೆದುಕೊಡುವುದು ಮೈರಮ್‌ಕಾನ್‌ಳ ಕೆಲಸವಾಯಿತು.

ಪ್ರತಿ ಸಿನಿಮಾ ಮುಗಿದ ವಾರ ಅದರ ಒಂದು ಪ್ರತಿಯನ್ನು ಬಾಯ್ಕೆ ಮನೆಗೆ ಒಯ್ಯುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಕೆಶಿಕ್. ಔತಣಕ್ಕೆ ಹೋದವರು ಮನೆಯಲ್ಲಿ ಉಳಿದವರಿಗೆಂದು ಬಟ್ಟೆಯಲ್ಲಿ ಕಟ್ಟಿ ತರುವ ಪಾಲಿಗೆ ಹಾಗನ್ನುತ್ತಾರೆ.

ಮೈರಮ್‌ಕಾನ್‌ಗೆ ಈ ಸಿನಿಮಾಗಳು ಹಿಡಿಸುತ್ತಿರಲಿಲ್ಲ. 'ಬೆಂಕಿಗಡಿ'ಯ ಮೊದಲ ಭಾಗದಲ್ಲಿ ಒಬ್ಬ ಮನುಷ್ಯನಾದರೂ ಇದ್ದ. ತಮ್ಮನನ್ನು ಕಳೆದುಕೊಂಡಿದ್ದ, ಒಂದೂವರೆ ಗಂಟೆಯಲ್ಲಿ ಹುಡುಕಿಕೊಂಡು ಮನೆಗೆ ಹೋದ. ಭಾಗ ಏರಿದಷ್ಟೂ ಮನುಷ್ಯ ಸಣ್ಣಗಾದ, ಬಂದೂಕು ದೊಡ್ಡದಾಯಿತು. ಐದನೆಯದು ಮೂರು ಗಂಟೆ ಹತ್ತು ನಿಮಿಷ. ತಮ್ಮನ ವಿಷಯ ಅದನ್ನು ತೆಗೆದವರಿಗೇ ಮರೆತುಹೋಗಿತ್ತು.

"ಇದನ್ನೆಲ್ಲ ಯಾರಾದ್ರೂ ಕೊನೇವರೆಗೂ ನೋಡ್ತಾರಾ ಬಾಯ್ಕೆ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಯಾಕೆ ನೋಡಲ್ಲ? ನಮ್ಮ ಹಿರೀಕರು ಮೂರು ರಾತ್ರಿ ಕೂತು ಯುದ್ಧದ ಕತೆ ಕೇಳ್ತಿದ್ರು. ಅಪ್ಪ ಸತ್ತ ಮೇಲೆ ಮಗನ ಯುದ್ಧ, ಮಗ ಸತ್ತ ಮೇಲೆ ಮೊಮ್ಮಗನ ಯುದ್ಧ. ಉದ್ದ ಆಯ್ತು ಅಂತ ಯಾರೂ ಎದ್ದು ಹೋಗ್ತಿರ್ಲಿಲ್ಲ."

"ಅದು ಬೇರೆ."

"ಹ್ಞೂಂ, ಬೇರೆ. ಅಲ್ಲಿ ಅಷ್ಟೂ ಸದ್ದು ಒಬ್ಬನ ಗಂಟಲಿಂದ ಬರ್ತಿತ್ತು. ಸೈನ್ಯ ಎಷ್ಟೇ ದೊಡ್ಡದಿರ್ಲಿ, ಹೇಳೋನಿಗೆ ಬಾಯಾರಿದ್ರೆ ಅದು ನಿಂತ್ಕೊಂಡು ಕಾಯ್ಬೇಕಿತ್ತು." ಅವರು ನಕ್ಕು, ಕುರಿಯ ಬಾಲದ ಕೊಬ್ಬು ಕರಗಿಸಿದ ಬಿಸಿ ಹಾಲನ್ನು ಗುಟುಕರಿಸಿದರು.

ಆ ಹಾಲು ಕೆಮ್ಮಿಗೆ. ಈ ಚಳಿಗಾಲ ಊರಿನ ಕಲ್ಲಿದ್ದಲ ಹೊಗೆ ಅವರ ಎದೆಗೇ ಇಳಿದಿತ್ತು. ಮಾತು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದನ್ನು ಅವರು ನೆಲಮಾಳಿಗೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಜ಼ೂರಾ ಎಜೆ ಫೋನಿನಲ್ಲಿ ಮೈರಮ್‌ಕಾನ್‌ಗೆ ಹೇಳಿದ್ದರು.

ಹಾಗಾಗಿ ಐದನೆಯ ಭಾಗದ ಹಾಳೆಗಳನ್ನು ಮುಂದಿಟ್ಟುಕೊಂಡು ಅವಳು ಎರಡು ದಿನ ಒದ್ದಾಡಿದಳು. ನಲವತ್ತೆರಡು ನಿಮಿಷ ಕಿರಿಚಿಕೊಂಡು ಹೇಳಿದರೆ ಈ ಮನುಷ್ಯ ಉಳಿಯುತ್ತಾರಾ? ಹೇಳುವುದಕ್ಕೆ ತಾನೆ ಅಲ್ಲಿ ಏನಿದೆ? ಬೀಳುವುದು, ಉರಿಯುವುದು, ಮತ್ತೆ ಬೀಳುವುದು. ಎಜೆ ಸದ್ದಿನಲ್ಲೇ ಅಂದಾಜು ಮಾಡಿಕೊಳ್ಳುತ್ತಾರೆ. ಹೀಗೆ ತನಗೆ ತಾನೇ ಹೇಳಿಕೊಂಡು, ಅಡಿಪಟ್ಟಿ ಇಟ್ಟು, ಯುದ್ಧದ ಸಾಲುಗಳ ಮೇಲೆಲ್ಲ ಒಂದೊಂದೇ ಗೆರೆ ಹೊಡೆದಳು. ಯಾರನ್ನೂ ಕೇಳಲಿಲ್ಲ. ಕೇಳಿದರೆ ಬಾಯ್ಕೆ ಒಪ್ಪುವುದಿಲ್ಲವೆಂದು ಗೊತ್ತಿತ್ತು.

ಧ್ವನಿ ಹಿಡಿಯುವ ದಿನ ಬಾಯ್ಕೆ ಆ ಹಾಳೆಗೆ ಬಂದರು. ತಿರುಗಿಸಿದರು. ಮುಂದಿನದನ್ನೂ ತಿರುಗಿಸಿದರು. ಅವಳ ಮುಖ ನೋಡಿದರು. ಅವಳು ಮುಗುಳ್ನಕ್ಕಳು. ಅವರು ಕೈ ಚಾಚಿ ಮೇಜಿನ ದೀಪ ಆರಿಸಿ, ಮೊಣಕಾಲ ಮೇಲೆ ಕೈಯಿಟ್ಟು ನಲವತ್ತೆರಡು ನಿಮಿಷ ಸುಮ್ಮನೆ ಕೂತರು. ಒಂದು ಸಲವೂ ಕೆಮ್ಮಲಿಲ್ಲ. ಮೈರಮ್‌ಕಾನ್‌ಗೆ ಎದೆ ತುಂಬಿ ಬಂತು. ಬದುಕಿನಲ್ಲಿ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದೆ ಅನ್ನಿಸಿತು.

ಹೊರಡುವಾಗ ಅವರು ಅಂದದ್ದು ಇಷ್ಟೇ: "ಹಾಲು ಹಾಗೇ ಉಳಿದುಬಿಡ್ತು ನೋಡು."

ಸಿನಿಮಾ ದೂರದರ್ಶನದಲ್ಲಿ ಬಂದು ಎಂಟು ದಿನವಾದ ಮೇಲೆ ನೆಲಮಾಳಿಗೆಯ ಯಜಮಾನ ರಿಸ್‌ಬೆಕ್ ಅವಳನ್ನು ಕರೆದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ.

"ಎಜೆ, ಒಬ್ಬರೂ ಫೋನ್ ಮಾಡಿಲ್ಲ," ಎಂದ.

"ಯಾತಕ್ಕೆ?"

"ಅದೇ ಹೇಳ್ತಿರೋದು. ಕೊನೆಯ ಯುದ್ಧದಲ್ಲಿ ಬಾಯ್ಕೆ ಒಂದು ಮಾತೂ ಆಡಿಲ್ಲ. ಯಾಕೆ ಸುಮ್ಮನಾದ್ರು ಅಂತ ಊರಿಂದ ಒಬ್ಬರಾದ್ರೂ ಕೇಳ್ಬೇಕಲ್ಲ? ಕೇಳ್ಲಿಲ್ಲ. ನಾನು ಲೆಕ್ಕ ಹಾಕಿದೆ. ಮೂರು ಗಂಟೆ ಸಿನಿಮಾದಲ್ಲಿ ಪಾತ್ರಗಳ ಮಾತಿರೋದು ಹತ್ತೊಂಬತ್ತು ನಿಮಿಷ, ಮಿಕ್ಕದ್ದೆಲ್ಲ ಬಾಯ್ಕೆ ಸೇರಿಸಿದ್ದು."

"ಯುದ್ಧದ ಮಾತು ನಾನು ತೆಗೆದದ್ದು, ರಿಸ್‌ಬೆಕ್. ಅವರ ಎದೆ ಸರಿ ಇರ್ಲಿಲ್ಲ, ಅದಕ್ಕೆ."

"ಒಳ್ಳೇದೇ ಮಾಡಿದ್ರಿ. ನನಗೆ ಧೈರ್ಯ ಇರ್ಲಿಲ್ಲ. ಹತ್ತೊಂಬತ್ತು ನಿಮಿಷಕ್ಕೆ ಕಂಪ್ಯೂಟರ್ ದನಿ ಸಾಕು. ಆರನೇ ಭಾಗ ಅದ್ರಲ್ಲೇ."

"ಮತ್ತೆ ಬರೀತೀನಿ. ಆರನೇದಕ್ಕೆ ಎಲ್ಲಾ ಬರೀತೀನಿ, ಒಂದು ಸಾಲೂ ಬಿಡಲ್ಲ."

"ಯಾಕೆ ಎಜೆ? ಬಾಂಬು ಬಿದ್ರೆ ಕಾಣಲ್ವಾ? ಕಣ್ಣಿರೋರಿಗೆ ಅದನ್ನ ಬಿಡಿಸಿ ಹೇಳ್ಬೇಕಾ?"

"ಕಣ್ಣಿಲ್ಲದೋರೂ ನೋಡ್ತಾರೆ."

"ಎಷ್ಟು ಜನ?"

ಅವಳಿಗೆ ಗೊತ್ತಿದ್ದದ್ದು ಒಬ್ಬರು ಮಾತ್ರ. ಬೇರೆ ಯಾರಾದರೂ ಇದ್ದಾರೇನೋ ಎಂದು ಯೋಚಿಸಿದಳು, ನೆನಪಾಗಲಿಲ್ಲ. ಸುಳ್ಳು ಹೇಳಲು ಬರಲಿಲ್ಲ.

ರಿಸ್‌ಬೆಕ್ ದನಿ ತಗ್ಗಿಸಿ, "ಬಾಯ್ಕೆಗೆ ನೀವೇ ಹೇಳಿ. ನಿಮ್ಮನ್ನ ಮಗಳ ಹಾಗೆ ನೋಡ್ತಾರೆ," ಎಂದ.

ಮಾರನೆಯ ದಿನವೇ ಜ಼ೂರಾ ಎಜೆಯ ಫೋನು ಬಂತು. "ಈ ಮುದುಕ ಈ ಸಲ ಕೆಶಿಕ್ ತರ್ಲೇ ಇಲ್ಲ ಕಣೇ. ಕೇಳಿದ್ರೆ ಇನ್ನೂ ಬೆಂದಿಲ್ಲ ಅಂತಾನೆ. ಭಾನುವಾರ ನೀನೇ ತಗೊಂಡು ಬಾ."

ಭಾನುವಾರ ಮಧ್ಯಾಹ್ನ ಅವಳು ಊರಾಚೆಯ ಅವರ ಮನೆಗೆ ಹೋದಳು. ಎಜೆ ಬೆಳಿಗ್ಗೆಯೇ ಕೈಯಂದಾಜಿನಲ್ಲಿ ಬೊರ್ಸೋಕ್ ಎಂಬ ಹಿಟ್ಟಿನ ತುಣುಕುಗಳನ್ನು ಕರಿದು ಗುಡ್ಡೆ ಹಾಕಿದ್ದರು, ಕೆಲವು ಕರಕಲಾಗಿದ್ದವು. ಜರ್ದಾಲು ಹಣ್ಣಿನ ಪಾಕ, ಕೆನೆ, ಚಹಾ. ಬಾಯ್ಕೆ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದರು. ಅವಳ ಕೈಯಲ್ಲಿದ್ದ ಪುಟ್ಟ ಪೊಟ್ಟಣ ಕಂಡು ಅವರ ಕೈ ಒಂದು ಕ್ಷಣ ನಿಂತಿತು.

"ತಂದ್ಯಾ?"

"ಎಜೆ ಕೇಳಿದ್ರು."

"ಸರಿ ಬಿಡು," ಎಂದರು.

ಸಿನಿಮಾ ಹಾಕಿದರು. ಎಜೆ ಮೇಜಿನ ತಲೆಗೆ ಕೂತು, ದೂರದರ್ಶನದ ಕಡೆಗೆ ಮುಖ ತಿರುಗಿಸಿಕೊಂಡರು. ಬಾಯ್ಕೆ ಅವರ ಬಲಕ್ಕೆ. ಮೊದಲೆರಡು ಗಂಟೆ ಚೆನ್ನಾಗಿಯೇ ಕಳೆಯಿತು. ಬಾಯ್ಕೆಯ ದನಿಯಲ್ಲಿ ಹುಡುಗಿ ಮುನಿಸಿಕೊಂಡಾಗ ಎಜೆ ಹೊಟ್ಟೆ ಹಿಡಿದು ನಕ್ಕರು.

"ನನ್ನ ಹತ್ರ ಒಂದು ದಿನಾನೂ ಇಷ್ಟು ನಯವಾಗಿ ಮಾತಾಡಿಲ್ಲ ನೋಡು ಈ ಮುದುಕ."

"ನೀನು ಹಾಗೆ ಮುನಿಸ್ಕೊಂಡಿದ್ರೆ ಮಾತಾಡ್ತಿದ್ದೆ," ಎಂದರು ಬಾಯ್ಕೆ.

ಮೈರಮ್‌ಕಾನ್ ಚಹಾ ಕುಡಿಯಲಿಲ್ಲ. ಈಗ ಹೇಳಲೇ, ಇನ್ನೊಂದು ದೃಶ್ಯ ಮುಗಿಯಲಿ ಎಂದು ಕಾಯುತ್ತ ಕೂತಿದ್ದಳು. ಅಷ್ಟರಲ್ಲಿ ಯುದ್ಧ ಬಂತು.

ಮೊದಲ ಸ್ಫೋಟಕ್ಕೆ ಮೇಜಿನ ಮೇಲಿನ ಬಟ್ಟಲು ನಡುಗಿದವು. ಎಜೆ ಖುಷಿಯಿಂದ ಮುಂದೆ ಬಾಗಿದರು. ಎರಡನೆಯದು, ಮೂರನೆಯದು. ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದು, ಯಾರೋ ಅರಚಿದ್ದು, ಗಾಜಿನ ಮಳೆ.

"ಯಾರು ಬಿದ್ದದ್ದು?" ಎಂದರು ಎಜೆ.

ತೆರೆಯಿಂದ ಉತ್ತರ ಬರಲಿಲ್ಲ.

ಮತ್ತೊಂದಿಷ್ಟು ಹೊತ್ತು ಅವರು ಕಾದರು. ಮುಖದ ಮೇಲಿನ ನಗು ಇನ್ನೂ ಹೋಗಿರಲಿಲ್ಲ, ಅಲ್ಲೇ ಗಟ್ಟಿಯಾಗಿತ್ತು. "ಏಯ್, ಮಾತಾಡು. ಎಲ್ಲಿ ಹೋದೆ?"

ಕೇಳಿದ್ದು ದೂರದರ್ಶನವನ್ನು. ಗಂಡ ಪಕ್ಕದಲ್ಲೇ, ಅವರ ಮೊಣಕೈಗೆ ತಾಗುವಂತೆ ಕೂತಿದ್ದರು.

ಬಾಯ್ಕೆ ಬಟ್ಟಲು ಕೆಳಗಿಟ್ಟರು. "ಸೇತುವೆ ಹೋಯ್ತು," ಎಂದು ಶುರು ಮಾಡಿದರು. "ಮೂರು ಗಾಡಿ ಹೊಳೇಲಿ. ನಮ್ಮವನು ಕಂಬ ಹಿಡಿದು..." ಕೆಮ್ಮು ಬಂತು. ತಡೆದು, "ಕಂಬ ಹಿಡಿದು ನೇತಾಡ್ತಾ..." ಎಂದರು. ಕೆಮ್ಮು ಅವರನ್ನು ಮಡಚಿಹಾಕಿತು. ಕೈ ಎತ್ತಿ, ನೀನು ಹೇಳು ಎನ್ನುವಂತೆ ಮೈರಮ್‌ಕಾನ್ ಕಡೆ ಸನ್ನೆ ಮಾಡಿದರು.

ಅವಳು ಹೇಳಲು ಹೋದಳು. "ಲಾರಿ... ಲಾರಿ ಮೇಲಿಂದ ಒಬ್ಬ ಹಾರಿದ. ಈಗ ಅವನು..." ಅಷ್ಟರಲ್ಲಿ ಲಾರಿಯೇ ಇರಲಿಲ್ಲ. ಅವಳ ಒಂದು ಮಾತು ಮುಗಿಯುವುದರೊಳಗೆ ಮೂರು ಸ್ಫೋಟ ಆಗಿಹೋಗುತ್ತಿದ್ದವು. ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. ಹನ್ನೊಂದು ವರ್ಷ ಬೇರೆಯವರ ಬಾಯಿಗೆ ಮಾತು ಬರೆದವಳಿಗೆ ತನ್ನ ಬಾಯಲ್ಲಿ ಹೇಳಲು ಒಂದು ಸೇತುವೆಯೂ ಉಳಿದಿರಲಿಲ್ಲ.

"ಇನ್ನೂ ಎಷ್ಟಿದೆ?" ಎಂದರು ಎಜೆ.

"ಮೂವತ್ತೈದು ನಿಮಿಷ."

"ಎಲ್ಲಾ ಇದೇನಾ?"

"ಇದೇ ಎಜೆ."

"ಹಾಗಾದ್ರೆ ಆರಿಸಿಬಿಡು. ಇದನ್ನ ಯಾರು ನೋಡ್ತಾರೋ ಕಾಣೆ."

ಆರಿಸಿದಳು. ಒಲೆಯಲ್ಲಿ ಕಲ್ಲಿದ್ದಲು ಬಿರಿಯುವುದು ಕೇಳಿಸಿತು.

"ಆ ಮಾತು ನಾನೇ ತೆಗೆದೆ ಬಾಯ್ಕೆ," ಎಂದಳು ಮೈರಮ್‌ಕಾನ್.

"ಗೊತ್ತು. ರಿಸ್‌ಬೆಕ್‌ಗೆ ಅಷ್ಟು ನೇರ ಗೆರೆ ಹೊಡೆಯೋಕೆ ಬರಲ್ಲ."

"ಮತ್ತೆ ಆವತ್ತೇ ಯಾಕೆ ಕೇಳ್ಲಿಲ್ಲ?"

ಅವರು ಬಾಯಿ ಒರೆಸಿಕೊಂಡರು. "ನೀನು ಓದಿದೋಳು. ನಿನಗೇ ಬೇಡ ಅನ್ನಿಸಿದ್ರೆ ಬೇಡದ್ದೇ ಇರ್ಬೇಕು ಅಂದ್ಕೊಂಡೆ. ಇಷ್ಟು ವರ್ಷ ಸುಮ್ನೆ ಅರಚ್ತಿದ್ನೇನೋ ಅಂತ."

"ಇಲ್ಲ ಬಾಯ್ಕೆ. ನಿಮ್ಮ ಎದೆ..." ಎಂದಳು. ಈಗ ಎದೆಯ ಮಾತು ಹೇಳಿದರೆ ನೆಪದಂತೆ ಕೇಳಿಸುತ್ತದೆ ಅನ್ನಿಸಿತು.

"ಆರನೇದಕ್ಕೆ ಯಾವಾಗ ಬರ್ಬೇಕಂತೆ?" ಎಂದು ಅವರೇ ಕೇಳಿದರು. ಕೇಳಿದ ರೀತಿಯಲ್ಲೇ ಅವರಿಗೆ ತಿಳಿದಿದೆಯೆಂದು ಅವಳಿಗೆ ಗೊತ್ತಾಯಿತು. ಆದರೂ ಹೇಳಲೇಬೇಕಿತ್ತು.

"ಕರೆಯಲ್ಲ. ಕಂಪ್ಯೂಟರ್ ದನಿ ಹಾಕ್ತಾರಂತೆ."

"ಆರನೇದೂ ಮಾಡ್ತಿದಾರಾ?" ಎಂದರು ಎಜೆ, ನಿಜಕ್ಕೂ ಆಶ್ಚರ್ಯಪಟ್ಟು.

ಬಾಯ್ಕೆ ತಲೆಯಾಡಿಸಿದರು. "ಒಳ್ಳೇದು. ಅದಕ್ಕೆ ಕೆಮ್ಮಿರಲ್ಲ." ಅವಳ ತಣ್ಣಗಾದ ಚಹಾ ಚೆಲ್ಲಿ, ಬಟ್ಟಲಿಗೆ ಬಿಸಿಯದನ್ನು ಸ್ವಲ್ಪವೇ ಸ್ವಲ್ಪ ಸುರಿದುಕೊಟ್ಟರು. ಗೌರವದ ಅತಿಥಿಗೆ ಹಾಗೆ ಸುರಿಯುತ್ತಾರೆ. ಮತ್ತೆ ಮತ್ತೆ ಸುರಿಯುವ ನೆಪಕ್ಕೆ. ಅವಳು ಒಂದೇ ಗುಟುಕಿಗೆ ಕುಡಿದಳು. ಅವರು ಮತ್ತೆ ಸುರಿಯಲಿಲ್ಲ.

ಎಜೆ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಮಡಿಲಲ್ಲಿ ಬಿದ್ದ ಚೂರುಗಳನ್ನು ಬೆರಳಿನಿಂದ ಹುಡುಕಿ ಆರಿಸುತ್ತಿದ್ದರು. ಆಮೇಲೆ, "ಸರಿ, ಹಾರೈಕೆ ಹೇಳು. ಅವಳು ಹೊರಡ್ಲಿ, ಕತ್ತಲಾದ್ರೆ ಹೊಗೆ ಜಾಸ್ತಿ ಆಗುತ್ತೆ," ಎಂದು ಅಂಗೈಗಳನ್ನು ಮೇಲಕ್ಕೆ ತೆರೆದು ಹಿಡಿದರು.

ಊಟದ ಕೊನೆಗೆ ಮನೆಯ ಹಿರಿಯ ಹಾರೈಕೆ ನುಡಿಯಬೇಕು, ಮಿಕ್ಕವರು ಓಮಿನ್ ಎಂದು ಕೈಯಿಂದ ಮುಖ ಸವರಿಕೊಳ್ಳಬೇಕು. ಬಾಯ್ಕೆಯ ಹಾರೈಕೆ ಉದ್ದದ್ದು. ಒಮ್ಮೆ ಶುರುವಾದರೆ ಏಳು ತಲೆಮಾರಿಗೂ ಕುದುರೆ, ಕುರಿ, ಮಕ್ಕಳು, ಬೆಳಕು ಎಲ್ಲವನ್ನೂ ಹಂಚಿ ಮುಗಿಸುತ್ತಿತ್ತು. ನಡುವೆಯೇ ಎಜೆ "ಸಾಕು, ಕೈ ನೋಯ್ತು" ಎಂದು ಗೊಣಗುವುದೂ ವಾಡಿಕೆ.

ಬಾಯ್ಕೆ ಅಂಗೈ ತೆರೆದರು. ತುಟಿ ಆಡಿತು. ದನಿ ಬರಲಿಲ್ಲ. ಮತ್ತೊಮ್ಮೆ ತುಟಿ ಆಡಿತು. ಅವರು ಅವಸರವಿಲ್ಲದೆ, ಕೊನೆಯ ಮಾತಿನವರೆಗೂ ತುಟಿಯಲ್ಲೇ ಹೇಳಿ, ಮುಖ ಸವರಿಕೊಂಡು, ಕೈಗಳನ್ನು ಮಡಿಲಿಗೆ ಇಳಿಸಿದರು.

ಎಜೆ ಕೈ ಹಾಗೇ ಹಿಡಿದಿದ್ದರು. ಕರಕಲು ಚೂರೊಂದು ಅಂಗೈಗೆ ಅಂಟಿಕೊಂಡಿತ್ತು. ತಲೆಯನ್ನು ತುಸು ಓರೆ ಮಾಡಿ, ಶುರುವಾಗಲೆಂದು ಕಾಯುತ್ತಿದ್ದರು.

ಮುಗಿದದ್ದನ್ನು ಕಂಡವಳು, ಮುಗಿಯಿತು ಎಂದು ಎಜೆಗೆ ಹೇಳಬೇಕಾದವಳು ಮೈರಮ್‌ಕಾನ್. ಅವಳೂ ಅಂಗೈ ತೆರೆದುಕೊಂಡು ಕೂತಿದ್ದಳು.