ಬೋಜಪ್ಪನ ಬೈಕಿಗೆ ಎರಡು ಸೈಲೆನ್ಸರ್

ಸೈಲೆನ್ಸರ್ ತುಕ್ಕು ಹಿಡಿದು ತೂತಾದ ಮೇಲೆ ಬೋಜಪ್ಪನ ಹಳೆಯ ಬೈಕು ಮನೆಯ ಬಳಿಯ ಏರನ್ನು ಹತ್ತುತ್ತಲೇ ಇರಲಿಲ್ಲ. ಜ್ವರದಲ್ಲಿ ಮಲಗಿದ್ದ ಅಪ್ಪ ಗುರುವಪ್ಪನನ್ನು ಮರುದಿನ ಅದರಲ್ಲೇ ಕೂರಿಸಿಕೊಂಡು ಸುಳ್ಯದ ಡಾಕ್ಟರಲ್ಲಿಗೆ ಹೋಗಬೇಕಿತ್ತು. ಅದಕ್ಕೇ ಅವನು ಹಾಕಿ ನೋಡಲೆಂದು ಎರಡು ಸೈಲೆನ್ಸರ್ ತಂದಿದ್ದ. ಒಂದು ಪುತ್ತೂರಿನ ಅಂಗಡಿಯದು, ಇನ್ನೊಂದು ಕಬಕದ ಕಮ್ಮಾರ ಮಾಡಿಕೊಟ್ಟ ಅಗಲ ಬಾಯಿಯದು.

ಅಂಗಡಿಯದು ಮೆಲ್ಲನೆ ಗುರುಗುಟ್ಟುತ್ತ ಏರು ಹತ್ತಿಸಿತು. ಸದ್ದು ಜಾಸ್ತಿಯಿದ್ದರೆ ಎಳೆತವೂ ಜಾಸ್ತಿ ಎಂದು ನಂಬಿದ್ದ ಬೋಜಪ್ಪ ಅದನ್ನು ಬಿಚ್ಚಿ ಕಮ್ಮಾರನದನ್ನು ಬಿಗಿದು ಹೊರಟ. ಅರ್ಧ ಏರಿಗೆ ಬೈಕು ಏದುಸಿರುಬಿಟ್ಟು, ಢಮ್, ಢಮ್ ಎಂದು ಎರಡು ಸಲ ಸಿಡಿದು ನಿಂತೇ ಹೋಯಿತು.

ಅದನ್ನು ಅಂಗಳಕ್ಕೆ ತಳ್ಳಿ ತಂದು ನಟ್ಟು ಬಿಚ್ಚುತ್ತಿರುವಾಗ ನೆರೆಮನೆಯ ಕಿಟ್ಟಣ್ಣ ಇನ್ನಿಬ್ಬರೊಂದಿಗೆ ಓಡಿಬಂದ. ಮೂವರ ಹೆಗಲಲ್ಲೂ ಕೊಡಲಿ.

"ಯಾವಾಗ ಹೋದ್ರು ಮಾರಾಯ? ಯಾವ ಮಾವು ಕಡಿಯುದು?"

ಬೋಜಪ್ಪನ ಕೈಯ ಸ್ಪಾನರ್ ಜಾರಿ ಬಿತ್ತು. ಸಾವಾದ ಮನೆಯಿಂದ ಕೋವಿಯ ಎರಡು ಈಡು ಕೇಳಿದರೆ, ಕರೆ ಕಾಯದೆ ಚಿತೆಯ ಮರ ಕಡಿಯಲು ಹೊರಡುವುದು ಆ ಊರಿನ ರೂಢಿ.

"ಯಾರು ಬಂದದ್ದು ಬೋಜ? ಕೊಡಲಿ ಎಂತಕ್ಕೆ?"

ಗೋಡೆ ಹಿಡಿದು ಗುರುವಪ್ಪ ಬಾಗಿಲಿಗೆ ಬಂದು ನಿಂತಿದ್ದರು. ಕಿಟ್ಟಣ್ಣ ಕೊಡಲಿಯನ್ನು ಬೆನ್ನ ಹಿಂದೆ ಅಡಗಿಸಿದ.

ಅಷ್ಟರಲ್ಲಿ ಗುಡ್ಡದಾಚೆಯ ಮನೆಗೆ ಮದುವೆಯಾಗಿ ಹೋಗಿದ್ದ ಬೋಜಪ್ಪನ ತಂಗಿ ಸೇವಂತಿ ಎದೆ ಬಡಿದುಕೊಂಡು ಅಳುತ್ತ ಇಳಿದು ಬರುವುದು ಕೇಳಿಸಿತು. ಬೋಜಪ್ಪ ಬಿದ್ದೆದ್ದು ಓಡಿದ.

"ಅಪ್ಪ ಇದ್ದಾರೆ ಸೇವಂತಿ! ಅದು ಬೈಕು, ಬೈಕು!"